ಗರ್ಭದಲ್ಲಿ ಮುಖ ಮೂಡುವ ಬಗೆ

ಶಿಶುವು ತಾಯಿಯ ಗರ್ಭದಲ್ಲಿ ಬೆಳೆಯುವುದೆಂದರೆ ಚಿಕ್ಕ ಬೊಂಬೆಯೊಂದು ದಿನದಿನಕ್ಕೆ ದೊಡ್ಡದಾಗುವುದೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ವಸ್ತುಸ್ಥಿತಿ ಹಾಗಿಲ್ಲ. ಮೊದಲ ಕೆಲವು ವಾರಗಳಲ್ಲಿ ಭ್ರೂಣಕ್ಕೆ ಮುಖವೇ ಇರುವುದಿಲ್ಲ. ಮುಖದ ಎಲುಬುಗಳಾಗತಕ್ಕ ಜೀವಕೋಶಗಳು ಆಗ ಬೆನ್ನಿನ ಕಡೆಗೆ ಇರುತ್ತವೆ. ಅಲ್ಲಿಂದ ಅವು ಹೊರಟು, ತಂಡತಂಡವಾಗಿ ನಡೆದು ಬಂದು, ಮುಂಭಾಗದಲ್ಲಿ ನೆಲೆಗೊಂಡ ಮೇಲೆಯೇ ಮೂಗು, ಕೆನ್ನೆ, ತುಟಿ, ದವಡೆಗಳು ರೂಪುಗೊಳ್ಳುತ್ತವೆ. ಸ್ಥಾವರ, ಜಂಗಮ ಎಂಬ ಮಾತುಗಳು ನಮಗೆ ಚಿರಪರಿಚಿತ. ನಮ್ಮ ಮುಖವು ಮೊದಲು ಜಂಗಮವಾಗಿದ್ದು ಅನಂತರ ಸ್ಥಾವರವಾದುದು ಎಂದರೆ ಅತಿಶಯೋಕ್ತಿಯಾಗಲಾರದು.

ಗರ್ಭಧಾರಣೆಯ ಬಳಿಕ ನಾಲ್ಕನೆಯ ವಾರದ ಹೊತ್ತಿಗೆ ಭ್ರೂಣದ ಬೆನ್ನಿನ ಉದ್ದಕ್ಕೂ ಇರುವ ಒಂದು ಪದರವು ಮಡಿಚಿಕೊಂಡು ನಾಳವಾಗುತ್ತದೆ. ಇದೇ ಮುಂದೆ ಮಿದುಳು ಮತ್ತು ಬೆನ್ನುಹುರಿ. ಮಡಿಕೆಯ ಎರಡು ಅಂಚುಗಳು ಕೂಡುವ ನೆತ್ತಿಯ ಭಾಗದಲ್ಲಿ ಕೆಲವು ಕೋಶಗಳು ಪ್ರತ್ಯೇಕವಾಗುತ್ತವೆ. ವಿಜ್ಞಾನಿಗಳು ಇವನ್ನು ನ್ಯೂರಲ್ ಕ್ರೆಸ್ಟ್ ಎಂದು ಕರೆಯುತ್ತಾರೆ. ನಾವು ನರಶಿಖೆ ಎನ್ನಬಹುದು. 1868ರಲ್ಲಿ ವಿಲ್ಹೆಲ್ಮ್ ಹಿಸ್ ಎಂಬ ವಿದ್ವಾಂಸರು ಕೋಳಿಯ ಭ್ರೂಣದಲ್ಲಿ ಇದನ್ನು ಮೊದಲಿಗೆ ಗುರುತಿಸಿದರು. ಈ ಕೋಶಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ನಿಸ್ಸಂದೇಹವಾಗಿ ತೋರಿಸಲು ಇನ್ನೂ ನೂರು ವರ್ಷಗಳು ಬೇಕಾದವು. ಫ್ರಾನ್ಸಿನ ವಿದುಷಿ ನಿಕೋಲ್ ಲೆ ದುಆರ‍್ಯಾಂ ಅವರು 1969ರಲ್ಲಿ ಒಂದು ಸೂಕ್ಷ್ಮವನ್ನು ಗಮನಕ್ಕೆ ತಂದರು. ಲಾವಕ್ಕಿಯ ಕೋಶಗಳ ಕೇಂದ್ರವು ಕೋಳಿಯ ಕೋಶಗಳ ಕೇಂದ್ರಕ್ಕಿಂತ ನೋಟದಲ್ಲಿಯೇ ಭಿನ್ನ. ಹೀಗಾಗಿ ಲಾವಕ್ಕಿಯ ನರಶಿಖೆಯ ತುಣುಕನ್ನು ಕೋಳಿಯ ಭ್ರೂಣದಲ್ಲಿ ಕಸಿಮಾಡಿದರೆ, ಆ ಕೋಶಗಳು ಎಲ್ಲಿ ಹೋಗಿ ಏನಾದವೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬಹುದು. ಮುಖದ ಬಹುಪಾಲು ಎಲುಬುಗಳು ಈ ಯಾತ್ರಿಕ ಕೋಶಗಳಿಂದಲೇ ಆದುವು ಎಂಬುದು ಈ ಬಗೆಯ ಪ್ರಯೋಗಗಳಿಂದ ಸಿದ್ಧವಾಯಿತು. ಹಲ್ಲಿನ ಒಳತಿರುಳು, ಚರ್ಮದ ಬಣ್ಣದ ಕೋಶಗಳು, ಕರುಳಿನ ನರಗಳು ಕೂಡ ಇವುಗಳದೇ ಸಂತತಿ.

ಇಷ್ಟು ದೂರದ ದಾರಿಯನ್ನು ಇವು ಕ್ರಮಿಸುವ ರೀತಿಯೇ ಪರಮಾಶ್ಚರ್ಯಕರವಾದುದು. ಯುಗಾದಿಗೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವ ಭಕ್ತರನ್ನು ಉತ್ತರ ಕರ್ನಾಟಕದ ವಾಚಕರು ಕಂಡೇ ಇರುತ್ತಾರೆ. ಅವರಲ್ಲಿ ಯಾರೂ ಒಬ್ಬರನ್ನೊಬ್ಬರು ತುಳಿಯುವುದಿಲ್ಲ. ಯಾರೂ ಗುಂಪಿನಿಂದ ಬಹುದೂರ ಸಿಡಿಯುವುದೂ ಇಲ್ಲ. ಕೋಶಗಳಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ. ಹರಿದಾಡುವ ಎರಡು ಕೋಶಗಳು ಪರಸ್ಪರ ತಗುಲಿದರೆ ನಿಂತು, ಮುಖ ತಿರುಗಿಸಿ ಬೇರೆಡೆಗೆ ಸಾಗುತ್ತವೆಂಬುದನ್ನು ಮೈಕೇಲ್ ಅಬರ್‌ಕ್ರಾಂಬಿ ಎಂಬ ಆಂಗ್ಲ ವಿಜ್ಞಾನಿ 1950ರ ದಶಕದಲ್ಲಿ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರೊಬೆರ್ಟೊ ಮೇಯರ್ ಮತ್ತು ಅವರ ಸಂಗಡಿಗರು ಆಫ್ರಿಕಾದ ಉಗುರುಗಪ್ಪೆಯ ಭ್ರೂಣಗಳಲ್ಲಿ ನರಶಿಖೆಯ ಕೋಶಗಳೂ ಈ ನಿಯಮಕ್ಕೆ ಅಧೀನವೆಂದು 2008ರಲ್ಲಿ ತೋರಿಸಿದರು. ಗುಂಪಿನ ನಡುವಿನ ಕೋಶಕ್ಕೆ ನಾಲ್ಕೂ ಕಡೆ ನೆರೆಯವರಿರುತ್ತಾರೆ. ಅಂಚಿನ ಕೋಶಕ್ಕೆ ಹೊರಗಿನ ಕಡೆ ಮಾತ್ರ ತೆರವು. ಆದ್ದರಿಂದ ಅದು ಹೊರಮುಖವಾಗಿಯೇ ಹೆಜ್ಜೆಯಿಡುತ್ತದೆ.

ಹಾಗಾದರೆ ಗುಂಪು ಚದುರಿ ಹೋಗಬೇಕಿತ್ತಲ್ಲವೆ? ಇದಕ್ಕೆ ಉತ್ತರ 2011ರಲ್ಲಿ ದೊರೆಯಿತು. ಪ್ರತಿಯೊಂದು ಕೋಶವೂ ಸಿ3ಎ ಎಂಬ ದ್ರವ್ಯವನ್ನು ಸ್ರವಿಸುತ್ತದೆ; ಅದನ್ನು ಗ್ರಹಿಸುವ ಶಕ್ತಿಯೂ ಪ್ರತಿಯೊಂದಕ್ಕಿದೆ. ದೂರ ಸರಿದ ಕೋಶವು ಆ ಸ್ರಾವದ ಸೆಳೆತಕ್ಕೆ ಮರಳಿ ಗುಂಪನ್ನು ಸೇರುತ್ತದೆ. ರಕ್ತದಲ್ಲಿ ರೋಗಾಣುಗಳ ವಿರುದ್ಧ ಕಾದಾಡಲು ನೆರವಾಗುವ ವಸ್ತುವೂ ಇದೇ ಆಗಿದೆ. ಸೃಷ್ಟಿಯ ಮಿತವ್ಯಯವೆಂದರೆ ಹೀಗೆ!

ಮುಂದಿರುವವರು ದಾರಿ ತೋರುತ್ತಾರೆ, ಹಿಂದಿರುವವರು ಅನುಸರಿಸುತ್ತಾರೆ ಎಂಬುದು ಲೋಕರೂಢಿ. ವಿಜ್ಞಾನಿಗಳೂ ಬಹುಕಾಲ ಹೀಗೆಯೇ ಭಾವಿಸಿದ್ದರು. 2018ರಲ್ಲಿ ಅದೇ ಲಂಡನ್ನಿನ ತಂಡವು ಬೇರೊಂದು ಸಂಗತಿಯನ್ನು ಪ್ರಕಟಿಸಿತು. ಗುಂಪಿನ ಹೊರ ಅಂಚಿನಲ್ಲಿ ಕೋಶದಿಂದ ಕೋಶಕ್ಕೆ ಹಬ್ಬಿದ ಹಗ್ಗದಂಥ ಒಂದು ಬಿಗಿತವಿರುತ್ತದೆ. ಅದು ಹಿಂಭಾಗದಲ್ಲಿ ಆಗಾಗ ಕುಗ್ಗುತ್ತದೆ. ಹಾಗೆ ಕುಗ್ಗಿದಾಗಲೆಲ್ಲ ಇಡೀ ಸಮೂಹವು ಮುಂದಕ್ಕೆ ನೂಕಲ್ಪಡುತ್ತದೆ. ಹಿಂದಿನವರ ಒತ್ತಾಸೆಯಿಲ್ಲದೆ ಮುಂದಿನವರು ಸಾಗಲಾರರು. ನಮ್ಮ ಸಂಘಸಂಸ್ಥೆಗಳ ಪದಾಧಿಕಾರಿಗಳು ಇದನ್ನು ಓದಿದರೆ ಸಂತೋಷ.

ಹೀಗೆ ಬಂದ ತಂಡಗಳು ಭವಿಷ್ಯದ ಬಾಯಿಯ ಸುತ್ತ ಐದು ಉಬ್ಬುಗಳಾಗಿ ನಿಲ್ಲುತ್ತವೆ: ಮೇಲೆ ಹಣೆ-ಮೂಗಿನದೊಂದು, ಎಡಬಲಗಳಲ್ಲಿ ಮೇಲ್ದವಡೆಯ ಎರಡು, ಕೆಳದವಡೆಯ ಎರಡು. ಭ್ರೂಣವು ಅವರೆಕಾಳಿನಷ್ಟೂ ಇಲ್ಲದಿರುವಾಗಲೇ ಇವು ಬೆಳೆದು ಒಂದಕ್ಕೊಂದು ಬೆಸೆಯತೊಡಗುತ್ತವೆ. ಐದರಿಂದ ಏಳನೆಯ ವಾರದೊಳಗೆ ಮೇಲ್ದುಟಿ ಕೂಡಿಕೊಳ್ಳುತ್ತದೆ. ಅಂಗುಳಿನ ಎರಡು ಪದರಗಳು ಮೊದಲು ನಾಲಿಗೆಯ ಇಕ್ಕೆಲಗಳಲ್ಲಿ ಕೆಳಮುಖವಾಗಿ ತೂಗುತ್ತಿದ್ದು, ಬಳಿಕ ಮೇಲೆದ್ದು ಅಡ್ಡವಾಗಿ, ಹನ್ನೆರಡನೆಯ ವಾರದ ಹೊತ್ತಿಗೆ ನಡುವೆ ಸೇರುತ್ತವೆ. ಕೋಶಗಳು ಸಾಲದೆ ಬಂದರೆ, ತಡವಾಗಿ ಬಂದರೆ, ಅಥವಾ ಅಂಚುಗಳು ಸೇರಿಯೂ ಬೆಸೆಯದಿದ್ದರೆ ಅಲ್ಲಿ ಸೀಳು ಉಳಿಯುತ್ತದೆ. ಇದೇ ಸೀಳುತುಟಿ, ಸೀಳಂಗುಳು. ಜಗತ್ತಿನಲ್ಲಿ ಸರಾಸರಿ ಸುಮಾರು 700 ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆ.

ನಮ್ಮ ಮನೆಗಳಲ್ಲಿ ಇಂಥ ಕೂಸು ಹುಟ್ಟಿದರೆ ಮೊದಲು ಕೇಳುವ ಪ್ರಶ್ನೆ, "ಗ್ರಹಣದ ದಿನ ಹೊರಗ ಹೋಗಿದ್ಯೇನವಾ? ಏನಾದರೂ ಹೆಚ್ಚಿದ್ಯೇನು?" ಎಂದು. ಹಸಿಬಾಣಂತಿಯು ಈ ಮಾತನ್ನು ಜೀವಮಾನವಿಡೀ ಹೊರಬೇಕಾಗುತ್ತದೆ. ಗ್ರಹಣವು ಆಕೆಯ ಆರನೆಯ ತಿಂಗಳಲ್ಲೋ ಏಳನೆಯ ತಿಂಗಳಲ್ಲೋ ಬಂದಿರುತ್ತದೆ. ಆ ವೇಳೆಗೆ ಶಿಶುವಿನ ತುಟಿ ಮೂಡಿ ನಾಲ್ಕು ತಿಂಗಳುಗಳೇ ಕಳೆದಿರುತ್ತವೆ! ತುಟಿ ಕೂಡುವ ದಿನಗಳಲ್ಲಂತೂ ಎಷ್ಟೋ ಸಲ ಆಕೆಗೆ ತಾನು ಬಸುರಿಯೆಂಬುದೇ ಖಚಿತವಾಗಿರುವುದಿಲ್ಲ. 1980ರ ಫೆಬ್ರವರಿ 16ರಂದು ಕಾರವಾರದಿಂದ ರಾಯಚೂರಿನವರೆಗೆ ನಮ್ಮ ನಾಡಿನ ಮೇಲೆ ಪೂರ್ಣ ಸೂರ್ಯಗ್ರಹಣದ ನೆರಳು ಹಾದುಹೋಯಿತು. ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು, ಬೀದಿಗಳು ಬರಿದಾದವು. ಗ್ರಹಣ ಕಾಣದ ವರ್ಷಗಳಲ್ಲಿಯೂ, ಕಾಣದ ದೇಶಗಳಲ್ಲಿಯೂ ಸೀಳುತುಟಿಯ ಮಕ್ಕಳು ಹುಟ್ಟುತ್ತಲೇ ಇದ್ದಾರೆ. ಮೆಕ್ಸಿಕೋ ದೇಶದ ಜನಪದರಲ್ಲಿಯೂ ಇದೇ ನಂಬಿಕೆಯುಂಟು, ಭಯಕ್ಕೆ ದೇಶಭೇದವಿಲ್ಲ. 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಸಮೀಪದ ಗ್ರಾಮವೊಂದರಲ್ಲಿ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಹೂಳಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ಮನಸ್ಸು ಕಲಕಿತು. ಪಂಚಸೂತಕಗಳನ್ನೇ ನಿರಾಕರಿಸಿದ ಶರಣರ ಪರಂಪರೆಯವರೆಂದು ಹೇಳಿಕೊಳ್ಳುವ ಮನೆಗಳಲ್ಲಿ ಗ್ರಹಣದ ಸೂತಕವೊಂದು ಹೇಗೆ ಉಳಿದುಕೊಂಡಿತೋ ನನಗೆ ತಿಳಿಯದು.

ನಿಜವಾದ ಕಾರಣಗಳು ಬೇರೆ. ಹೆಚ್ಚಿನ ಪ್ರಸಂಗಗಳಲ್ಲಿ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಾಗದು. ತಂದೆತಾಯಿಗಳಿಬ್ಬರಿಂದಲೂ ಬಂದ ವಂಶವಾಹಿಗಳೂ ಗರ್ಭದ ಪರಿಸರವೂ ಕೂಡಿ ಕೆಲಸ ಮಾಡುತ್ತವೆ. ತಾಯಿಯ ಹತೋಟಿಯಿಲ್ಲದ ಮಧುಮೇಹ, ಧೂಮಪಾನ, ಮೂರ್ಛೆರೋಗದ ಕೆಲವು ಔಷಧಗಳು ಅಪಾಯವನ್ನು ಹೆಚ್ಚಿಸುತ್ತವೆ. ಮೂರ್ಛೆರೋಗವಿರುವ ಸಹೋದರಿಯರು ಗರ್ಭ ಧರಿಸುವ ಮುನ್ನವೇ ವೈದ್ಯರನ್ನು ಕಾಣಬೇಕು. ತಾವಾಗಿಯೇ ಔಷಧವನ್ನು ನಿಲ್ಲಿಸಬಾರದು. ಮಗು ಬೇಕೆಂದಿರುವವರು ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಸೇವಿಸುವುದು ಉಚಿತ. ಬೆನ್ನುಹುರಿಯ ನಾಳ ಮುಚ್ಚದಿರುವ ದೋಷವನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ಸೀಳುತುಟಿಗೆ ಸಂಬಂಧಿಸಿ ಅಷ್ಟು ಬಲವಾದ ಆಧಾರವಿಲ್ಲ.

ಸೀಳಂಗುಳಿನ ಕೂಸಿಗೆ ಮೊಲೆ ಚೀಪಲು ಆಗುವುದಿಲ್ಲ. ಬಾಯಲ್ಲಿ ಹಿಡಿತ ಸಿಕ್ಕದು. ತಾಯಿಯ ಹಾಲನ್ನು ಹಿಂಡಿ, ಕೂಸಿನ ತಲೆಯನ್ನು ಎತ್ತರಕ್ಕೆ ಹಿಡಿದು, ಒಳಲೆಯಿಂದಲೋ ಚಮಚದಿಂದಲೋ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಮಲಗಿಸಿಕೊಂಡು ಹಾಕಿದರೆ ಹಾಲು ಮೂಗಿಗೆ ಏರುತ್ತದೆ. ತುಟಿಯ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ, ಅಂಗುಳಿನದನ್ನು ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ಮಾಡುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿಯೂ ಸೇರಿದೆ. ಅಂಗನವಾಡಿಯಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಸ್ಮೈಲ್ ಟ್ರೇನ್ ಸಂಸ್ಥೆಯ ನೆರವಿನಿಂದ ಉಚಿತವಾಗಿ ಈ ಚಿಕಿತ್ಸೆ ಮಾಡುವ ಆಸ್ಪತ್ರೆಗಳೂ ಇವೆ. ಅಂಗುಳಿನ ಸ್ನಾಯುಗಳಿಗೂ ಕಿವಿಯ ಒಳನಾಳಕ್ಕೂ ಸಂಬಂಧವಿರುವುದರಿಂದ ಇಂಥ ಮಕ್ಕಳ ಕಿವಿಯಲ್ಲಿ ನೀರು ಶೇಖರವಾಗಿ ಶ್ರವಣ ಮಂದವಾಗುವುದುಂಟು. ಆದುದರಿಂದ ಹೊಲಿಗೆ ಬಿಚ್ಚಿದೊಡನೆ ಕೆಲಸ ಮುಗಿಯಿತೆಂದು ಊರಿಗೆ ಮರಳಿ ಸುಮ್ಮನಿರದೆ, ಕಿವಿಯ ಪರೀಕ್ಷೆಯನ್ನೂ ಮಾತಿನ ತರಬೇತಿಯನ್ನೂ ಕೇಳಿ ಪಡೆಯಬೇಕು.