ಮೂವತ್ತು ವರ್ಷದ ಸೇವೆ, ನಲವತ್ತೈದು ವರ್ಷದ ದುಡಿಮೆ: ಪೊಲೀಸರ ಹೆಚ್ಚುವರಿ ಕೆಲಸಕ್ಕೆ ಪಿಂಚಣಿಯಲ್ಲಿ ಲೆಕ್ಕವಿಲ್ಲ

ಬಾಗಲಕೋಟೆ: ಬನದ ಹುಣ್ಣಿಮೆಯ ರಥೋತ್ಸವದೊಂದಿಗೆ ಆರಂಭವಾಗುವ ಬಾದಾಮಿಯ ಬನಶಂಕರಿ ಜಾತ್ರೆ ಸುಮಾರು ಒಂದು ತಿಂಗಳ ಕಾಲ ನಡೆಯುತ್ತದೆ. ನಾಟಕ ಕಂಪನಿಗಳ ಪ್ರದರ್ಶನ ಮುಗಿದು ಜನ ಚದುರುವ ವೇಳೆಗೆ ರಾತ್ರಿ ಬಹಳ ಆಗಿರುತ್ತದೆ. ಅಲ್ಲಿಯವರೆಗೂ ಪೊಲೀಸರು ಕದಲುವಂತಿಲ್ಲ. ಅದು ಮುಗಿಯಿತು ಎನ್ನುವಷ್ಟರಲ್ಲಿ ಬಾಗಲಕೋಟೆಯ ಹೋಳಿ ಬರುತ್ತದೆ. ಬಣ್ಣದ ಬಂಡಿಗಳು ಸಾಗುವ ಆ ದಿನಗಳಲ್ಲಿ ಸಿಬ್ಬಂದಿಗೆ ರಜೆಯ ಮಾತೇ ಇಲ್ಲ. ಹುನಗುಂದ ತಾಲೂಕಿನ ಕೂಡಲಸಂಗಮ ಮತ್ತು ಐಹೊಳೆಗೆ ವರ್ಷವಿಡೀ ಜನ ಬರುತ್ತಾರೆ. ಹುನಗುಂದ, ಇಳಕಲ್ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಅಪಘಾತಗಳು ಗಡಿಯಾರ ನೋಡಿಕೊಂಡು ಆಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನವರೆಗೂ ನೀರು ನುಗ್ಗಿದಾಗ ರಕ್ಷಣಾ ಕಾರ್ಯದ ಹೊಣೆಯೂ ಇದೇ ಸಿಬ್ಬಂದಿಯ ಮೇಲಿತ್ತು.

ಈ ಹೆಚ್ಚುವರಿ ದುಡಿಮೆಗೆ ಸರ್ಕಾರ ಏನು ಕೊಡುತ್ತದೆ? ಅದಕ್ಕಿಂತ ಮುಖ್ಯವಾಗಿ, ನಿವೃತ್ತಿಯ ದಿನ ಈ ದುಡಿಮೆ ಯಾವ ಲೆಕ್ಕಕ್ಕೆ ಸೇರುತ್ತದೆ? ಉತ್ತರ ಚಿಕ್ಕದು: ಪಿಂಚಣಿಯ ಲೆಕ್ಕಕ್ಕೆ ಅದು ಸೇರುವುದೇ ಇಲ್ಲ. ಅದರ ಕಾರಣ ಮತ್ತು ಪರಿಣಾಮಗಳು ಮಾತ್ರ ಅಷ್ಟು ಚಿಕ್ಕವಲ್ಲ.

ಸದಾ ಕರ್ತವ್ಯದಲ್ಲಿ

ಕಾರ್ಖಾನೆಯ ಕಾರ್ಮಿಕನಿಗೆ ನಿಗದಿತ ಅವಧಿ ಮೀರಿದ ಪ್ರತಿ ಗಂಟೆಗೂ ಇಮ್ಮಡಿ ದರದಲ್ಲಿ ಕೂಲಿ ಸಿಗಬೇಕು. 1948ರ ಕಾರ್ಖಾನೆ ಕಾಯ್ದೆ ತಂದ ಈ ತತ್ವವನ್ನು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯೂ ಉಳಿಸಿಕೊಂಡಿದೆ. ಆದರೆ ಪೊಲೀಸರು ಈ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಪೊಲೀಸ್ ಅಧಿಕಾರಿಯನ್ನು ಸದಾ ಕರ್ತವ್ಯದಲ್ಲಿರುವವನೆಂದೇ ಪರಿಗಣಿಸಬೇಕು ಎಂದು ಬ್ರಿಟಿಷರ ಕಾಲದ 1861ರ ಪೊಲೀಸ್ ಕಾಯ್ದೆಯ 22ನೇ ಕಲಂ ಹೇಳಿತು. ಆ ಭಾವನೆ ನಂತರದ ರಾಜ್ಯಗಳ ಕಾನೂನುಗಳಲ್ಲೂ ಮುಂದುವರಿಯಿತು. ದಿನದ 24 ಗಂಟೆಯೂ ಕರ್ತವ್ಯವೇ ಆದ ಮೇಲೆ ಹೆಚ್ಚುವರಿ ಗಂಟೆ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವೇ ಉಳಿಯುವುದಿಲ್ಲ.

ವಾಸ್ತವದ ಚಿತ್ರವನ್ನು ಎರಡು ರಾಷ್ಟ್ರೀಯ ಅಧ್ಯಯನಗಳು ಕಟ್ಟಿಕೊಟ್ಟಿವೆ. ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋಗಾಗಿ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜು 2014ರಲ್ಲಿ ನೀಡಿದ ವರದಿಯ ಪ್ರಕಾರ, ಠಾಣೆಗಳ ಸಿಬ್ಬಂದಿಯಲ್ಲಿ ಸುಮಾರು ಶೇ 90ರಷ್ಟು ಮಂದಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೆಲಸ ಮಾಡುತ್ತಿದ್ದರು. ತಿಂಗಳಿಗೆ ಒಂದು ವಾರದ ರಜೆಯೂ ಸಿಗದವರ ಪ್ರಮಾಣ ಶೇ 70 ಮೀರಿತ್ತು. ಕಾಮನ್ ಕಾಸ್ ಸಂಸ್ಥೆ ಮತ್ತು ಸಿಎಸ್‌ಡಿಎಸ್ 2019ರಲ್ಲಿ ಪ್ರಕಟಿಸಿದ ವರದಿ ಪೊಲೀಸರ ದಿನದ ಸರಾಸರಿ ದುಡಿಮೆಯನ್ನು 14 ಗಂಟೆ ಎಂದು ಗುರುತಿಸಿತು.

ಸರಾಸರಿ 14 ಗಂಟೆಯನ್ನು ಬದಿಗಿಟ್ಟು, 12 ಗಂಟೆ ಎಂದೇ ಇಟ್ಟುಕೊಂಡರೂ ಲೆಕ್ಕ ಬೆರಗು ಹುಟ್ಟಿಸುತ್ತದೆ. ದಿನಕ್ಕೆ 4 ಗಂಟೆ ಹೆಚ್ಚುವರಿ, ವರ್ಷಕ್ಕೆ 300 ಕೆಲಸದ ದಿನ ಎಂದರೆ 1,200 ಗಂಟೆ. ಎಂಟು ಗಂಟೆಯ ದಿನದ ಲೆಕ್ಕದಲ್ಲಿ ಇದು 150 ದಿನ, ಅಂದರೆ ಅರ್ಧ ವರ್ಷದ ಕೆಲಸ. ಮೂವತ್ತು ವರ್ಷ ಸೇವೆ ಸಲ್ಲಿಸಿದ ಕಾನ್‌ಸ್ಟೆಬಲ್ ಹೀಗೆ ನಲವತ್ತೈದು ವರ್ಷದ ದುಡಿಮೆ ಮುಗಿಸಿರುತ್ತಾನೆ. ಸೇವಾ ಪುಸ್ತಕ ಮಾತ್ರ ಮೂವತ್ತನ್ನೇ ಹೇಳುತ್ತದೆ.

ಮೂಲ ವೇತನವೇ ಆಧಾರ

ಪಿಂಚಣಿಯ ಲೆಕ್ಕ ಆರಂಭವಾಗುವುದು ಮೂಲ ವೇತನದಿಂದ. 2006ರ ಏಪ್ರಿಲ್ 1ಕ್ಕೆ ಮೊದಲು ರಾಜ್ಯ ಸರ್ಕಾರದ ಸೇವೆಗೆ ಸೇರಿದವರು ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿದ್ದಾರೆ. ಪೂರ್ಣಾವಧಿ ಅರ್ಹತಾ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ ದೊರೆಯುತ್ತದೆ. ಆ ದಿನ ಮತ್ತು ನಂತರ ಸೇರಿದವರು ಹೊಸ ಪಿಂಚಣಿ ಯೋಜನೆಗೆ, ಅಂದರೆ ಎನ್‌ಪಿಎಸ್‌ಗೆ ಒಳಪಟ್ಟಿದ್ದಾರೆ. ಅಲ್ಲಿ ನೌಕರ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟನ್ನು ಕಟ್ಟಿದರೆ, ಸರ್ಕಾರ ತನ್ನ ಪಾಲಾಗಿ ಶೇ 14ರಷ್ಟನ್ನು ಸೇರಿಸುತ್ತದೆ. ನಿವೃತ್ತಿಯ ದಿನ ಎಷ್ಟು ಸಿಗುತ್ತದೆ ಎಂಬುದನ್ನು ಮಾರುಕಟ್ಟೆ ತೀರ್ಮಾನಿಸುತ್ತದೆ.

ಹೀಗಾಗಿ ಒಂದೇ ಠಾಣೆಯ ಒಂದೇ ಜೀಪಿನಲ್ಲಿ ಗಸ್ತು ತಿರುಗುವ ಹಿರಿಯ ಹೆಡ್ ಕಾನ್‌ಸ್ಟೆಬಲ್ ಮತ್ತು ಕಿರಿಯ ಕಾನ್‌ಸ್ಟೆಬಲ್ ಎರಡು ಬೇರೆ ವೃದ್ಧಾಪ್ಯಗಳತ್ತ ಸಾಗುತ್ತಿರುತ್ತಾರೆ. 2006ಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಬಿದ್ದು, ನಂತರ ಸೇವೆಗೆ ಸೇರಿದ ಸುಮಾರು 13,000 ನೌಕರರನ್ನು ಹಳೆಯ ಪಿಂಚಣಿಗೆ ಸೇರಿಸಲು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ತೀರ್ಮಾನಿಸಿತು. ಉಳಿದವರ ಸ್ಥಿತಿ ಅದರಿಂದ ಬದಲಾಗಲಿಲ್ಲ.

ಎರಡೂ ವ್ಯವಸ್ಥೆಗಳಲ್ಲಿ ಒಂದು ಅಂಶ ಸಮಾನ: ವಾರದ ರಜೆಯಂದು ದುಡಿದದ್ದಕ್ಕೆ ಸಿಗುವ ಭತ್ಯೆಯಾಗಲಿ, ಕಷ್ಟ ಪರಿಹಾರ ಭತ್ಯೆಯಾಗಲಿ, ಸಮವಸ್ತ್ರ ಭತ್ಯೆಯಾಗಲಿ ಪಿಂಚಣಿಗೆ ಎಣಿಕೆಯಾಗುವುದಿಲ್ಲ. ಕೇಂದ್ರ ಸರ್ಕಾರ ತನ್ನ ನೌಕರರಿಗೆ 2025ರ ಏಪ್ರಿಲ್‌ನಿಂದ ತಂದ ಏಕೀಕೃತ ಪಿಂಚಣಿ ಯೋಜನೆಯೂ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನವನ್ನೇ ಆಧಾರವಾಗಿ ಇಟ್ಟುಕೊಂಡಿದೆ.

ಒಂದು ಉದಾಹರಣೆ ನೋಡಬಹುದು. ನಿವೃತ್ತಿಯ ವೇಳೆಗೆ ಒಬ್ಬರ ಮೂಲ ವೇತನ 60,000 ರೂ. ಇದೆ ಎಂದುಕೊಳ್ಳೋಣ. ಹಳೆಯ ವ್ಯವಸ್ಥೆಯಲ್ಲಿ ಪೂರ್ಣ ಪಿಂಚಣಿ 30,000 ರೂ. ಅವರು ತಿಂಗಳಿಗೆ 5,000 ರೂ. ವಿವಿಧ ಭತ್ಯೆ ಪಡೆಯುತ್ತಿದ್ದರೂ ಪಿಂಚಣಿ ಅಷ್ಟೇ. ಅದೇ 5,000 ರೂ. ಮೂಲ ವೇತನದೊಳಗೆ ಸೇರಿದ್ದರೆ ಪಿಂಚಣಿ 32,500 ರೂ. ಆಗುತ್ತಿತ್ತು. ಆ 2,500 ರೂ. ಮೇಲೆ ತುಟ್ಟಿಭತ್ಯೆ ಬೆಳೆಯುತ್ತಿತ್ತು, ಮುಂದಿನ ವೇತನ ಆಯೋಗದಲ್ಲಿ ಅದೂ ಪರಿಷ್ಕರಣೆಯಾಗುತ್ತಿತ್ತು, ಪತಿ ಅಥವಾ ಪತ್ನಿಯ ಕುಟುಂಬ ಪಿಂಚಣಿಗೂ ಅದರ ಪಾಲು ಸೇರುತ್ತಿತ್ತು. ಭತ್ಯೆಯ ಒಂದು ರೂಪಾಯಿ ಆ ತಿಂಗಳಿಗೇ ಮುಗಿಯುತ್ತದೆ. ಮೂಲ ವೇತನದ ಒಂದು ರೂಪಾಯಿ ದಶಕಗಳವರೆಗೆ ಬೊಕ್ಕಸದಿಂದ ಹೊರಡುತ್ತಲೇ ಇರುತ್ತದೆ. ಹೆಚ್ಚುವರಿ ದುಡಿಮೆಗೆ ಭತ್ಯೆಯ ರೂಪದಲ್ಲಿ ಕೊಡುವುದೇ ಯಾವ ಸರ್ಕಾರಕ್ಕಾದರೂ ಸಲೀಸು ಎನಿಸುವುದು ಈ ಕಾರಣಕ್ಕೆ.

ಔರಾದಕರ ವರದಿ ತೋರಿದ ಎರಡು ದಾರಿ

2016ರ ಜೂನ್ 4ರಂದು ಸಾಮೂಹಿಕ ರಜೆಗೆ ಅಖಿಲ ಕರ್ನಾಟಕ ಪೊಲೀಸ್ ಮಹಾಸಂಘ ಕರೆ ನೀಡಿದಾಗ ರಾಜ್ಯವೇ ಬೆಚ್ಚಿತ್ತು. ವೇತನ, ರಜೆ, ಕೆಲಸದ ಅವಧಿ ಬೇಡಿಕೆಯ ಪಟ್ಟಿಯಲ್ಲಿದ್ದವು. ಪೊಲೀಸರು ಸಂಘ ಕಟ್ಟುವ ಹಕ್ಕನ್ನು 1966ರ ಕೇಂದ್ರ ಕಾಯ್ದೆ ನಿರ್ಬಂಧಿಸಿರುವುದರಿಂದ ಆ ಪ್ರತಿಭಟನೆಯನ್ನು ಸರ್ಕಾರ ಕಠಿಣವಾಗಿ ಹತ್ತಿಕ್ಕಿತು. ಆದರೆ ಬೇಡಿಕೆಗಳನ್ನು ಪರಿಶೀಲಿಸಲು ಹಿರಿಯ ಐಪಿಎಸ್ ಅಧಿಕಾರಿ ರಾಘವೇಂದ್ರ ಔರಾದಕರ ನೇತೃತ್ವದ ಸಮಿತಿಯನ್ನೂ ನೇಮಿಸಿತು.

ಆ ಸಮಿತಿಯ ಶಿಫಾರಸಿನ ಆಧಾರದ ಮೇಲೆ ಸರ್ಕಾರ 2019ರ ಜುಲೈನಲ್ಲಿ ಆದೇಶ ಹೊರಡಿಸಿ, ಆಗಸ್ಟ್ 1ರಿಂದ ಜಾರಿಗೆ ತಂದಿತು. ಕಾನ್‌ಸ್ಟೆಬಲ್ ಹುದ್ದೆಯ ವೇತನ ಶ್ರೇಣಿ 23,500ರಿಂದ 47,650 ರೂ. ಆಯಿತು. ಜತೆಗೆ ಕಷ್ಟ ಪರಿಹಾರ ಭತ್ಯೆಯೂ ಏರಿತು. ಒಂದೇ ಆದೇಶದಲ್ಲಿ ಎರಡು ಬಗೆಯ ಹಣ ಇತ್ತು: ಶ್ರೇಣಿಯ ಏರಿಕೆ ಪಿಂಚಣಿಯವರೆಗೆ ನಡೆದು ಬರುವಂಥದ್ದು, ಭತ್ಯೆಯ ಏರಿಕೆ ಸೇವೆಯ ಕೊನೆಯ ದಿನಕ್ಕೆ ನಿಲ್ಲುವಂಥದ್ದು. ಶ್ರೇಣಿಯ ಆರಂಭಿಕ ಹಂತ ಏರಿದ್ದರಿಂದ ಹೊಸಬರಿಗೆ ಆದ ಲಾಭ, ಹಲವು ವರ್ಷ ಸೇವೆ ಸಲ್ಲಿಸಿದ್ದ ಹಿರಿಯರಿಗೆ ಆಗಲಿಲ್ಲವೆಂಬ ಅಸಮಾಧಾನವೂ ಆಗ ಕೇಳಿಬಂತು.

ಬಳಿಕ ಕೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸುಗಳು 2024ರ ಆಗಸ್ಟ್ 1ರಿಂದ ಜಾರಿಯಾದವು. 23,500 ರೂ. ಆರಂಭಿಕ ವೇತನ 37,500 ರೂ.ಗೆ ತಲುಪಿತು. ಎಲ್ಲ ಇಲಾಖೆಗಳೂ ಸೇರಿ ವರ್ಷಕ್ಕೆ 20,208 ಕೋಟಿ ರೂ. ಹೆಚ್ಚುವರಿ ವೆಚ್ಚವಾಗುತ್ತದೆ ಎಂದು ಸರ್ಕಾರ ಆಗ ಅಂದಾಜಿಸಿತು. ಮೂಲ ವೇತನ ಅಲುಗಿದರೆ ಬೊಕ್ಕಸ ಎಷ್ಟು ಅಲುಗುತ್ತದೆ ಎಂಬುದಕ್ಕೆ ಈ ಒಂದು ಸಂಖ್ಯೆ ಸಾಕು.

ಅಮೆರಿಕದ ಪಾಠ

ಹಾಗಾದರೆ ಹೆಚ್ಚುವರಿ ದುಡಿಮೆಯ ಹಣವನ್ನು ಪಿಂಚಣಿಗೆ ಸೇರಿಸಿಬಿಡಬಹುದಲ್ಲ? ಆ ದಾರಿ ಹಿಡಿದ ಊರುಗಳ ಅನುಭವ ಎಚ್ಚರಿಕೆಯನ್ನೇ ಹೇಳುತ್ತದೆ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಹಳೆಯ ನಿಯಮದಡಿ ಸೇರಿದ ಪೊಲೀಸರಿಗೆ ಕೊನೆಯ ಅವಧಿಯ ಗಳಿಕೆಯಲ್ಲಿ ಓವರ್‌ಟೈಮ್ ಕೂಡ ಪಿಂಚಣಿಗೆ ಸೇರುತ್ತದೆ. ನಿವೃತ್ತಿಗೆ ಹತ್ತಿರವಾದವರು ಕೊನೆಯ ದಿನಗಳಲ್ಲಿ ಆದಷ್ಟು ಹೆಚ್ಚು ಓವರ್‌ಟೈಮ್ ಮಾಡಿ ಜೀವನಪರ್ಯಂತದ ಪಿಂಚಣಿಯನ್ನು ಹಿಗ್ಗಿಸಿಕೊಳ್ಳಲು ಇದು ಅವಕಾಶ ಕೊಟ್ಟಿತು. ಒಂದು ವರ್ಷದ ದುಡಿಮೆಗೆ ನಗರ ಹತ್ತಾರು ವರ್ಷ ಹಣ ತೆರಬೇಕಾಯಿತು.

ಇದಕ್ಕೆ ಕಡಿವಾಣ ಹಾಕಲು ನ್ಯೂಯಾರ್ಕ್ ರಾಜ್ಯ ಹೊಸದಾಗಿ ಸೇರುವವರ ಪಿಂಚಣಿಗೆ ಎಣಿಕೆಯಾಗುವ ಓವರ್‌ಟೈಮ್‌ಗೆ ಮಿತಿ ವಿಧಿಸಿತು. 2013ರ ಜನವರಿಯಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ಸುಧಾರಣಾ ಕಾನೂನು ಹೊಸ ನೌಕರರ ಪಿಂಚಣಿಯಿಂದ ಓವರ್‌ಟೈಮ್ ಅನ್ನು ಹೊರಗಿಟ್ಟಿತು. ಮ್ಯಾಸಚೂಸೆಟ್ಸ್‌ನಲ್ಲೂ ಅದು ಎಣಿಕೆಗೆ ಬರುವುದಿಲ್ಲ. ಪಿಂಚಣಿಯಲ್ಲಿ ಮೂಲ ವೇತನವನ್ನಷ್ಟೇ ಪರಿಗಣಿಸುವ ಕರ್ನಾಟಕದ ನಿಯಮ ಈ ದೃಷ್ಟಿಯಿಂದ ವಿವೇಕದ್ದೇ. ಆದರೆ ಅಮೆರಿಕದ ಪೊಲೀಸನಿಗೆ ಓವರ್‌ಟೈಮ್ ಪಿಂಚಣಿಗೆ ಸೇರದಿದ್ದರೂ ಗಂಟೆಯ ಲೆಕ್ಕದಲ್ಲಿ ಕೈಗೆ ಬರುತ್ತದೆ. ಬಾದಾಮಿಯ ಪೊಲೀಸನಿಗೆ ಗಂಟೆಯ ಲೆಕ್ಕವೂ ಇಲ್ಲ, ಪಿಂಚಣಿಯ ಲೆಕ್ಕವೂ ಇಲ್ಲ.

ರಜೆಯ ರೂಪದಲ್ಲಿ ಮರಳುವ ಸಾಲ

ಹೆಚ್ಚುವರಿ ದುಡಿಮೆಯ ಬೆಲೆ ನಿವೃತ್ತಿಯ ಹೊತ್ತಿನಲ್ಲಿ ಕಾಣಿಸಿಕೊಳ್ಳುವ ಒಂದು ಜಾಗವಿದೆ. ಅದು ರಜೆಯ ಖಾತೆ. ರಾಜ್ಯ ಸರ್ಕಾರಿ ನೌಕರನಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಜಮೆಯಾಗುತ್ತದೆ. ವರ್ಷಕ್ಕೆ 15 ದಿನವನ್ನು ಸರ್ಕಾರಕ್ಕೆ ಒಪ್ಪಿಸಿ ನಗದು ಪಡೆಯಬಹುದು. ಉಳಿದ ರಜೆ ಗರಿಷ್ಠ 300 ದಿನಗಳವರೆಗೆ ಖಾತೆಯಲ್ಲಿ ಕೂಡಿಕೊಳ್ಳುತ್ತದೆ, ನಿವೃತ್ತಿಯ ವೇಳೆ ಅದಕ್ಕೆ ನಗದು ಸಿಗುತ್ತದೆ.

ಬಂದೋಬಸ್ತಿನ ಕಾರಣ ರಜೆಯೇ ಸಿಗದ ಸಿಬ್ಬಂದಿ ಸಹಜವಾಗಿ ತುಂಬಿದ ಖಾತೆಯೊಂದಿಗೆ ನಿವೃತ್ತರಾಗುತ್ತಾರೆ. 60,000 ರೂ. ಮೂಲ ವೇತನದವರಿಗೆ ಹತ್ತು ತಿಂಗಳ ರಜೆ ಎಂದರೆ 6 ಲಕ್ಷ ರೂ. ಹಾಗೂ ಅದರ ಮೇಲಿನ ತುಟ್ಟಿಭತ್ಯೆ. ಮೂವತ್ತು ವರ್ಷಗಳಲ್ಲಿ ಮಂಜೂರು ಮಾಡದೆ ಉಳಿದ ರಜೆಯನ್ನು ಸರ್ಕಾರ ಕೊನೆಯ ವೇತನದ ದರದಲ್ಲಿ, ಅಂದರೆ ಅತಿ ದುಬಾರಿ ದರದಲ್ಲಿ ಖರೀದಿಸಿದಂತೆ. ಇತ್ತ ಸಿಬ್ಬಂದಿಗೂ ನಷ್ಟ ತಪ್ಪಿದ್ದಲ್ಲ. ಮೂವತ್ತು ವರ್ಷದಲ್ಲಿ ಜಮೆಯಾಗುವ 900 ದಿನಗಳಲ್ಲಿ 450 ದಿನ ಒಪ್ಪಿಸಿದರೂ ಇನ್ನೂ 450 ಉಳಿಯುತ್ತದೆ. ರಜೆಯನ್ನೇ ಬಳಸಲಾಗದವರಿಗೆ 300ರ ಮಿತಿ ಮೀರಿದ 150 ದಿನಗಳು ಹಾಗೆಯೇ ಕಳೆದುಹೋಗುತ್ತವೆ. ಕೈತಪ್ಪಿದ ವಾರದ ರಜೆಗಳು ಈ ಖಾತೆಗೆ ಸೇರುವುದೇ ಇಲ್ಲ. ತಿಂಗಳಿಗೆ ಎರಡು ವಾರದ ರಜೆ ತಪ್ಪಿದರೆ ಮೂವತ್ತು ವರ್ಷಕ್ಕೆ 720 ದಿನ, ಸುಮಾರು ಎರಡು ವರ್ಷ.

ಅಗ್ಗವೆನಿಸುವ ದುಬಾರಿ ದಾರಿ

ಕೆಲಸದ ಅವಧಿ ಇಳಿಸಬೇಕಾದರೆ ಜನ ಬೇಕು. ಪಾಳಿ ವ್ಯವಸ್ಥೆ ಜಾರಿಯಾಗಬೇಕಾದರೆ ಠಾಣೆಗಳಿಗೆ ಮಂಜೂರಾದ ಬಲದ ಸುಮಾರು 1.68 ಪಟ್ಟು ಸಿಬ್ಬಂದಿ ಬೇಕಾಗುತ್ತದೆ ಎಂಬುದು 2014ರ ಅಧ್ಯಯನದಲ್ಲಿ ಠಾಣಾಧಿಕಾರಿಗಳು ನೀಡಿದ ಅಂದಾಜು. ಹೊಸ ಕಾನ್‌ಸ್ಟೆಬಲ್ ಒಬ್ಬನನ್ನು ನೇಮಿಸಿಕೊಂಡರೆ 37,500 ರೂ. ಮೂಲ ವೇತನದ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಎನ್‌ಪಿಎಸ್‌ಗೆ ಮೂಲ ವೇತನದ ಲೆಕ್ಕದಲ್ಲೇ ತಿಂಗಳಿಗೆ 5,250 ರೂ. ಸರ್ಕಾರದ ಪಾಲು, ತರಬೇತಿ ಮತ್ತು ವಸತಿಯ ವೆಚ್ಚ ಬರುತ್ತದೆ. ಇರುವವರನ್ನೇ ಇನ್ನೂ ನಾಲ್ಕು ಗಂಟೆ ನಿಲ್ಲಿಸಿಕೊಂಡರೆ ಇವು ಯಾವುವೂ ಬೇಕಿಲ್ಲ. ಆಯವ್ಯಯದ ಹಾಳೆಯಲ್ಲಿ ಎರಡನೆಯ ದಾರಿ ಅಗ್ಗವಾಗಿ ಕಾಣುತ್ತದೆ.

ಆ ಹಾಳೆಯಲ್ಲಿ ಕಾಣದ ವೆಚ್ಚಗಳೂ ಇವೆ. ನಿದ್ದೆಗೆಟ್ಟ ಸಿಬ್ಬಂದಿಯ ಅನಾರೋಗ್ಯ, ದಣಿದವರ ಕೈಯಲ್ಲಿ ಕುಂಟುವ ತನಿಖೆ, ಠಾಣೆಗೆ ಬಂದ ನಾಗರಿಕನ ಮೇಲೆ ಹರಿಯುವ ಸಿಡುಕು ಇವೆಲ್ಲಕ್ಕೂ ಯಾರೋ ಬೆಲೆ ತೆರುತ್ತಾರೆ. ಸೋಲಿ ಸೊರಾಬ್ಜಿ ಸಮಿತಿ 2006ರಲ್ಲಿ ರೂಪಿಸಿದ ಮಾದರಿ ಪೊಲೀಸ್ ಕಾಯ್ದೆ ಸಾಮಾನ್ಯವಾಗಿ 8 ಗಂಟೆಯ ಕರ್ತವ್ಯ, ವಿಶೇಷ ಸಂದರ್ಭದಲ್ಲಿ 12 ಗಂಟೆಯವರೆಗೆ, ವಾರಕ್ಕೊಂದು ರಜೆ ಅಥವಾ ಅದಕ್ಕೆ ಪರಿಹಾರ ಎಂದು ಸೂಚಿಸಿತ್ತು. ಬಿಹಾರದಲ್ಲಿ ಪೊಲೀಸರಿಗೆ ವರ್ಷಕ್ಕೆ 13 ತಿಂಗಳ ಸಂಬಳ ಕೊಡುವ ಪದ್ಧತಿ ಇದೆ.

ಪಿಂಚಣಿಯ ಹೊರೆ ಹೆಚ್ಚಿಸದೆಯೂ ಮಾಡಬಹುದಾದ ಕೆಲಸಗಳಿವೆ. ಮೊದಲನೆಯದು, ಕರ್ತವ್ಯದ ಗಂಟೆಗಳನ್ನು ಠಾಣೆಯಲ್ಲಿ ನಿಜವಾಗಿ ದಾಖಲಿಸುವುದು. ಎರಡನೆಯದು, ಭತ್ಯೆಯನ್ನು ಒಂದೇ ಮೊತ್ತವಾಗಿ ನೀಡದೆ ಹೆಚ್ಚುವರಿ ದಿನಗಳ ವೇತನಕ್ಕೆ ತಕ್ಕಂತೆ ನೀಡುವುದು. ಮೂರನೆಯದು, ಬನಶಂಕರಿ ಜಾತ್ರೆ, ಹೋಳಿ, ಗಣೇಶ ವಿಸರ್ಜನೆಯಂತಹ ಮೊದಲೇ ತಿಳಿದಿರುವ ದಿನಗಳ ಬಳಿಕ ಸರದಿಯಂತೆ ಕಡ್ಡಾಯ ರಜೆ ನೀಡುವುದು. ಎಷ್ಟು ಗಂಟೆ ಎಂಬುದೇ ದಾಖಲಾಗದ ದುಡಿಮೆಗೆ ಎಷ್ಟು ಕೊಡಬೇಕೆಂಬ ಚರ್ಚೆ ನಡೆಯುವುದಾದರೂ ಹೇಗೆ? ಮುಂದಿನ ವೇತನ ಆಯೋಗದ ಮುಂದೆ ಪೊಲೀಸರ ಬೇಡಿಕೆ ಬರುವ ವೇಳೆಗೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಠಾಣೆಗಳ ದಾಖಲೆಗಳಲ್ಲಿ ಈ ಗಂಟೆಗಳು ಇದ್ದರೆ ಮಾತ್ರ ಆ ಬೇಡಿಕೆಗೆ ತೂಕ ಬರುತ್ತದೆ.