ಭೂಕಂಪದ ನಂತರದ ಕಂಪನಗಳು: ಎಷ್ಟು ಸಣ್ಣವು, ಎಷ್ಟು ಅಪಾಯಕಾರಿ?

2001ರ ಜನವರಿ 26ರಂದು ಬೆಳಿಗ್ಗೆ 8.46ಕ್ಕೆ ಗುಜರಾತಿನ ಕಚ್ ಜಿಲ್ಲೆಯಲ್ಲಿ ಭೂಕಂಪ ಸಂಭವಿಸಿತು. ಭಚಾವ್, ಅಂಜಾರ್, ಭುಜ್ ಪಟ್ಟಣಗಳಲ್ಲಿ ಸಾವಿರಾರು ಮನೆಗಳು ಕುಸಿದವು. ಪ್ರಾಚೀನ ಜೈನ ತೀರ್ಥವಾದ ಭದ್ರೇಶ್ವರದ ಜಿನಾಲಯವೂ ತೀವ್ರ ಹಾನಿಗೊಳಗಾಗಿ, ನಂತರ ಪುನರ್ನಿರ್ಮಾಣಗೊಂಡಿತು. ಕಚ್ ಮೂಲದ ಜೈನ ಕುಟುಂಬಗಳು ನಮ್ಮ ರಾಜ್ಯದಲ್ಲಿಯೂ ನೆಲೆಸಿರುವುದರಿಂದ ಆ ದಿನದ ನೆನಪು ಇಲ್ಲಿನ ಮನೆಗಳಲ್ಲಿಯೂ ಇದೆ. ಗಟ್ಟಿಯಾಗಿ ನಿಂತಿದ್ದ ಮನೆಗಳವರು ಸಹ ಆ ಚಳಿಯಲ್ಲಿ ಅನೇಕ ರಾತ್ರಿ ಬಯಲಿನಲ್ಲೇ ಮಲಗಿದರು. ನೆಲ ಮತ್ತೆ ಮತ್ತೆ ಅಲುಗುತ್ತಿದ್ದುದೇ ಇದಕ್ಕೆ ಕಾರಣ.

ಹೀಗೆ ನಂತರ ಬರುವ ಕಂಪನಗಳನ್ನು ಪಶ್ಚಾತ್ ಕಂಪನಗಳು ಎನ್ನುತ್ತಾರೆ. ಮುಖ್ಯ ಭೂಕಂಪದಲ್ಲಿ ಭೂಮಿಯೊಳಗಿನ ಶಿಲೆಗಳು ಬಿರುಕಿನ ಗುಂಟ ಒಮ್ಮೆಲೇ ಜಾರುತ್ತವೆ. ಆಗ ಸುತ್ತಲಿನ ಶಿಲೆಗಳ ಮೇಲಿನ ಒತ್ತಡ ಬದಲಾಗುತ್ತದೆ. ಅವು ಹೊಸ ಸ್ಥಿತಿಗೆ ಹೊಂದಿಕೊಳ್ಳುವಾಗ ಆಗುವ ಸಣ್ಣಪುಟ್ಟ ಜಾರುವಿಕೆಗಳೇ ಪಶ್ಚಾತ್ ಕಂಪನಗಳು.

ಕಚ್‌ನ ಮುಖ್ಯ ಭೂಕಂಪದ ಪ್ರಮಾಣ 7.7. ಎರಡು ದಿನಗಳ ನಂತರ ಬಂದ ದೊಡ್ಡ ಪಶ್ಚಾತ್ ಕಂಪನದ್ದು 5.8. ಪತ್ರಿಕೆಯಲ್ಲಿ ಓದುವಾಗ ಇವೆರಡೂ ಹತ್ತಿರದ ಸಂಖ್ಯೆಗಳಂತೆ ಕಾಣುತ್ತವೆ. ಆದರೆ ಭೂಕಂಪದ ಮಾಪಕ ನಮ್ಮ ಅಡಿಪಟ್ಟಿಯಂತಲ್ಲ. ಅದರಲ್ಲಿ ಒಂದು ಅಂಕ ಏರಿದರೆ ಕಂಪನದ ಅಲೆಯ ಎತ್ತರ 10 ಪಟ್ಟು, ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಎರಡು ಅಂಕಗಳಾದರೆ ಶಕ್ತಿ ಸುಮಾರು 1,000 ಪಟ್ಟು. ಈ ಲೆಕ್ಕದಲ್ಲಿ 5.8ರ ಕಂಪನದ ಶಕ್ತಿ 7.7ರದರ ಸುಮಾರು 700ನೇ ಒಂದು ಭಾಗ ಮಾತ್ರ.

ಅತಿ ದೊಡ್ಡ ಪಶ್ಚಾತ್ ಕಂಪನವು ಮುಖ್ಯ ಭೂಕಂಪಕ್ಕಿಂತ ಸರಾಸರಿ 1.2 ಅಂಕ ಕಡಿಮೆ ಇರುತ್ತದೆ ಎಂಬುದನ್ನು ಸ್ವೀಡನ್ನಿನ ವಿಜ್ಞಾನಿ ಮಾರ್ಕಸ್ ಬೋಥ್ ಅವರ ಹೆಸರಿನ ನಿಯಮ ಹೇಳುತ್ತದೆ. ಇದು ಸರಾಸರಿ ಮಾತ್ರ. ನೇಪಾಳದಲ್ಲಿ 2015ರ ಏಪ್ರಿಲ್ 25ರಂದು 7.8 ಪ್ರಮಾಣದ ಭೂಕಂಪವಾಯಿತು. ಹದಿನೇಳು ದಿನಗಳ ನಂತರ, ಜನ ಸುಧಾರಿಸಿಕೊಳ್ಳುತ್ತಿದ್ದಾಗ, ಮೇ 12ರಂದು 7.3ರ ಪಶ್ಚಾತ್ ಕಂಪನ ಬಂದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಅಂತರ ಅರ್ಧ ಅಂಕ ಮಾತ್ರ. ಅಂದರೆ ಮುಖ್ಯ ಭೂಕಂಪದ ಆರನೇ ಒಂದು ಭಾಗದಷ್ಟು ಶಕ್ತಿ ಮತ್ತೆ ಬಂದಂತಾಯಿತು.

ಜಪಾನಿನ ವಿಜ್ಞಾನಿ ಒಮೊರಿ 1894ರಲ್ಲೇ ಇನ್ನೊಂದು ಸಂಗತಿಯನ್ನು ಗುರುತಿಸಿದ್ದರು. ದಿನ ಕಳೆದಂತೆ ಪಶ್ಚಾತ್ ಕಂಪನಗಳು ವಿರಳವಾಗುತ್ತವೆ. ಸ್ಥೂಲವಾಗಿ ಹೇಳುವುದಾದರೆ ಹತ್ತನೆಯ ದಿನ ಮೊದಲ ದಿನದ ಹತ್ತನೇ ಒಂದು ಭಾಗದಷ್ಟು. ಇಲ್ಲಿ ಅನೇಕರು ತಪ್ಪು ತಿಳಿಯುತ್ತಾರೆ. ಕಡಿಮೆಯಾಗುವುದು ಕಂಪನಗಳ ಸಂಖ್ಯೆ. ತಡವಾಗಿ ಬಂದದ್ದು ಸಣ್ಣದೇ ಆಗಿರಬೇಕೆಂಬ ನಿಯಮವಿಲ್ಲ. ಮೊದಲು ಬಂದದ್ದೇ ಮುಖ್ಯ ಭೂಕಂಪ ಎಂದೂ ಆ ಕ್ಷಣದಲ್ಲಿ ಹೇಳಲಾಗದು. ಜಪಾನಿನ ಕುಮಾಮೊಟೊದಲ್ಲಿ 2016ರ ಏಪ್ರಿಲ್ 14ರಂದು 6.2ರ ಕಂಪನವಾಯಿತು. 16ರಂದು 7.0ರದು ಬಂದಾಗ, ಮನೆಗೆ ಮರಳಿದ್ದ ಕೆಲವರು ಪ್ರಾಣ ಕಳೆದುಕೊಂಡರು.

ಶಕ್ತಿ ಕಡಿಮೆಯಾದರೂ ಪಶ್ಚಾತ್ ಕಂಪನ ಎದುರಿಸುವುದು ಮೊದಲಿನ ಗಟ್ಟಿ ಗೋಡೆಯನ್ನಲ್ಲ, ಈಗಾಗಲೇ ಬಿರುಕು ಬಿಟ್ಟ ಗೋಡೆಯನ್ನು. ಊರಿಗೆ ಹತ್ತಿರ, ಕಡಿಮೆ ಆಳದಲ್ಲಿ ಉಂಟಾದರೆ 5ರ ಆಸುಪಾಸಿನ ಕಂಪನವೂ ಅಂಥ ಗೋಡೆಯನ್ನು ಕೆಡವಬಲ್ಲದು.

ಆದ್ದರಿಂದ ಕಂಪನದ ನಂತರ ಇಂಜಿನಿಯರ್ ಪರಿಶೀಲಿಸುವವರೆಗೆ ಮನೆ, ಬಸದಿ, ತ್ಯಾಗಿನಿವಾಸಗಳ ಒಳಗೆ ಯಾರೂ ಹೋಗಬಾರದು. ಹಳೆಯ ಕಲ್ಲಿನ ಬಸದಿಗಳಲ್ಲಿ ಶಿಖರ, ಮೇಲ್ಛಾವಣಿಯ ಚಪ್ಪಡಿಗಳನ್ನೂ, ಹೊರಗಿನ ಮಾನಸ್ತಂಭವನ್ನೂ ಮೊದಲು ನೋಡಿಸಬೇಕು. ಮೂರ್ತಿಗಳನ್ನು ಹೊರತರಲೆಂದು ಶ್ರಾವಕರು ಭಕ್ತಿಯಿಂದ ಒಳಗೆ ಓಡುವುದು ಸಹಜ, ಆದರೆ ಅಪಾಯ ಹೆಚ್ಚಿರುವುದು ಅದೇ ಹೊತ್ತಿನಲ್ಲಿ. ಅಲ್ಲಿಯವರೆಗೆ ನಿತ್ಯಪೂಜೆಯನ್ನು ಬಯಲಿನ ಚಪ್ಪರದಲ್ಲಿ ನಡೆಸಬಹುದು. ಊರಿನಲ್ಲಿ ಮುನಿಸಂಘವಿದ್ದರೆ ಅವರ ವಾಸ್ತವ್ಯವನ್ನೂ ಗೋಡೆಗಳಿಂದ ದೂರದ ಜಾಗಕ್ಕೆ ಬದಲಾಯಿಸುವುದು ಒಳಿತು.