ಕೇಪಳಕ್ಕೆ ಕತ್ತರಿ ಬೇಡ

ಕರಾವಳಿಯ ಮುರಕಲ್ಲು ಗುಡ್ಡಗಳಲ್ಲಿ ಕೇಪಳವನ್ನು ಯಾರೂ ನೆಡುವುದಿಲ್ಲ, ನೀರುಣಿಸುವುದಿಲ್ಲ. ಆದರೂ ಏಪ್ರಿಲ್ ಬಿಸಿಲಿಗೆ ಸುತ್ತಲಿನ ಹುಲ್ಲೆಲ್ಲ ಒಣಗಿ ನಿಂತಾಗ ಅದರ ಎಲೆ ಹಸಿರಾಗಿಯೇ ಇರುತ್ತದೆ, ತುದಿಯಲ್ಲಿ ಕೆಂಪು ಗೊಂಚಲು ಬೇರೆ. ಕಾಫಿಯ ಕುಟುಂಬಕ್ಕೆ ಸೇರಿದ, ದಕ್ಷಿಣ ಭಾರತ ಮತ್ತು ಶ್ರೀಲಂಕಾ ತವರಾಗಿರುವ ಈ ಪೊದೆಗೆ ಸಸ್ಯಶಾಸ್ತ್ರದಲ್ಲಿ ಇಕ್ಸೋರಾ ಕಾಕ್ಸಿನಿಯ ಎಂದು ಹೆಸರು. 1753ರಲ್ಲಿ ಲಿನೇಯಸ್ ಇಟ್ಟದ್ದು.

ಊರಿನ ಪಾರ್ಕುಗಳಲ್ಲೂ ಇಕ್ಸೋರಾ ಸಾಲುಗಳಿಗೆ ಬರವಿಲ್ಲ. ಚಿಟ್ಟೆಗಳು ಮಾತ್ರ ಅಲ್ಲಿ ಅಪರೂಪ. ಮುಖ್ಯ ಕಾರಣ ಮಾಲಿಯ ಕತ್ತರಿ. ಕೇಪಳ ಹೂ ಬಿಡುವುದು ರೆಂಬೆಯ ತುದಿಯಲ್ಲಿ. ಬೇಲಿ ಸಪಾಟಾಗಿರಲಿ ಎಂದು ತಿಂಗಳಿಗೊಮ್ಮೆ ತುದಿ ಸವರಿದರೆ ಮೊಗ್ಗೂ ಅದರ ಜತೆಗೇ ಹೋಯಿತು. ಆಮೇಲೆ ಉಳಿಯುವುದು ಹಸಿರು ಗೋಡೆ, ಅಷ್ಟೇ.

ಒಂದು ಹೂವನ್ನು ಕಿತ್ತು ನೋಡಿ. ನಾಲ್ಕು ಎಸಳು, ಕೆಳಗೆ ದಾರದಂತೆ ಸಣ್ಣಗಿನ ಮೂರು–ನಾಲ್ಕು ಸೆಂಟಿಮೀಟರ್ ಉದ್ದದ ಕೊಳವೆ. ಮಕರಂದ ಅದರ ತಳದಲ್ಲಿದೆ. ಮಕ್ಕಳು ನಡುವಿನ ಎಳೆಯನ್ನು ಹಿಂದಿನಿಂದ ಮೆಲ್ಲಗೆ ಎಳೆದು, ಅದರ ಜತೆ ಬರುವ ಸಿಹಿ ಹನಿಯನ್ನು ನೆಕ್ಕುತ್ತಾರೆ. ಜೇನ್ನೊಣದ ಗಿಡ್ಡ ನಾಲಿಗೆಗೆ ಅದು ಎಟುಕದು. ಉದ್ದ ಹೀರುನಳಿಕೆಯ ದೊಡ್ಡ ಚಿಟ್ಟೆಗಳೇ ಬರಬೇಕು. ಬ್ಲೂ ಮಾರ್ಮನ್, ಕ್ರಿಮ್ಸನ್ ರೋಸ್, ನಮ್ಮ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಬರುವುದು ಹೀಗೆ. ಸೂರಕ್ಕಿಯೂ ಬಂದು ಹೋಗುತ್ತದೆ.

ಪರಾಗದ ಏರ್ಪಾಡು ಇನ್ನೂ ಚೆನ್ನಾಗಿದೆ. ಹೂ ಅರಳುವ ಮೊದಲೇ, ಮೊಗ್ಗಿನೊಳಗೆ, ಕೇಸರಗಳು ತಮ್ಮ ಪರಾಗವನ್ನು ಆ ನಡುವಿನ ಎಳೆಯ ತುದಿಗೆ ಮೆತ್ತಿಬಿಡುತ್ತವೆ. ಅರಳಿದಾಗ ಎಳೆ ಹೊರಚಾಚಿ ಬಂದ ಚಿಟ್ಟೆಯ ಮೈಗೆ ಪರಾಗ ಸವರುತ್ತದೆ. ಆ ತುದಿಯೇ ಹೆಣ್ಣು ಭಾಗ. ಆದರೆ ಆಗ ಅದು ಇನ್ನೂ ಮುಚ್ಚಿಕೊಂಡಿರುತ್ತದೆ. ಪರಾಗ ಖಾಲಿಯಾಗುತ್ತ ಬಂದ ಮೇಲೆ ಎರಡಾಗಿ ಸೀಳಿ, ಬೇರೆ ಹೂವಿನ ಪರಾಗಕ್ಕೆ ಒಳಮೈ ಒಡ್ಡುತ್ತದೆ. ಒಂದೇ ಗೊಂಚಲಲ್ಲಿ ಈ ಎರಡೂ ಹಂತದ ಹೂಗಳು ಸಿಗುತ್ತವೆ. ಕೈಯಲ್ಲೊಂದು ಭೂತಗನ್ನಡಿಯಿದ್ದರೆ ಸಾಕು.

ಎಲೆಗೂ ಗಿರಾಕಿಗಳಿದ್ದಾರೆ. ಮಂಕಿ ಪಜಲ್ ಎಂಬ ಪುಟ್ಟ ಚಿಟ್ಟೆಯ ಹುಳುಗಳು ಇದರ ಚಿಗುರನ್ನು ತಿಂದು ಬೆಳೆಯುತ್ತವೆ. ಈ ಚಿಟ್ಟೆ ಕೂತ ಕೂಡಲೇ ಗಿರಕ್ಕನೆ ತಿರುಗಿ, ಬಾಲವಿರುವ ಕಡೆಯೇ ತಲೆ ಎಂಬ ಭ್ರಮೆ ಹುಟ್ಟಿಸುತ್ತದೆ. ನಾಲ್ಕು ಎಲೆ ತೂತಾಯಿತೆಂದು ಔಷಧಿ ಹೊಡೆಯುವವರಿಗೆ ಈ ಆಟ ನೋಡುವ ಯೋಗವಿಲ್ಲ.

ಬೆಂಗಳೂರಿನಂಥ ಕಡೆ ಕೇಪಳ ಸೊರಗುವುದುಂಟು. ಹೊಸ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಕ್ಷಾರ ಹೆಚ್ಚಾದಾಗ ಅದು ಕರಗದೆ ಬೇರಿಗೆ ಸಿಗದು. ಮುರಕಲ್ಲಿನ ಹುಳಿ ಮಣ್ಣಿಗೆ ಒಗ್ಗಿದ ಗಿಡವನ್ನು ಸಿಮೆಂಟ್ ಗೋಡೆಯ ಬುಡದಲ್ಲಿ ನೆಟ್ಟು, ಬೋರ್‌ವೆಲ್ಲಿನ ಗಡಸು ನೀರು ಸುರಿದರೆ ಇನ್ನೇನಾದೀತು? ಯೂರಿಯಾ ಹಾಕಿ ಪ್ರಯೋಜನವಿಲ್ಲ. ಗೋಡೆಯಿಂದ ಎರಡಡಿ ದೂರ ನೆಡಿ, ತರಗೆಲೆ ಗೊಬ್ಬರ ಹೊದಿಸಿ, ಸಾಧ್ಯವಾದಾಗ ಮಳೆನೀರು ಕೊಡಿ. ಬಿಸಿಲು ಅರ್ಧ ದಿನವಾದರೂ ಬೇಕು. ನೆರಳಲ್ಲಿ ಬದುಕುತ್ತದೆ, ಆದರೆ ಹೂ ಕಡಿಮೆ. ಸವರಲೇಬೇಕಿದ್ದರೆ ವರ್ಷಕ್ಕೊಮ್ಮೆ, ಹಣ್ಣು ಮುಗಿದ ಮೇಲೆ.

ನರ್ಸರಿಯಲ್ಲಿ ಇಕ್ಸೋರಾ ಕೇಳಿದರೆ ಹೆಚ್ಚಾಗಿ ಕೊಡುವುದು ಗಿಡ್ಡ ತಳಿಗಳನ್ನು, ಕೆಲವು ಚೀನಾ ಮೂಲದವು. ನನ್ನ ಒಲವು ಗುಡ್ಡದ ಕೇಪಳದ ಕಡೆಗೇ. ಮಳೆಗಾಲದ ಆರಂಭದಲ್ಲಿ, ಪೂರ್ತಿ ಬಲಿಯದ ರೆಂಬೆಯ ಗೇಣುದ್ದದ ತುಂಡು ನೆಟ್ಟರೆ ಬೇರು ಬಿಡುತ್ತದೆ. ಬೀಜದಿಂದಲೂ ಆಗುತ್ತದೆ. ಕೆಂಪಾಗಿ ಆಮೇಲೆ ಕಪ್ಪಾಗುವ ಹಣ್ಣನ್ನು ಪಿಕಳಾರಗಳು ನುಂಗಿ ಬೀಜವನ್ನು ಬೇರೆ ಕಡೆ ಉದುರಿಸುತ್ತವೆ. ಪರಿಚಯದವರ ತೋಟದಲ್ಲಿ ಮರಗಳ ಬುಡ ಹುಡುಕಿದರೆ ತಾನಾಗಿ ಎದ್ದ ಸಸಿ ಸಿಗಬಹುದು. ಬೇರಿನ ಮಣ್ಣು ಉದುರದಂತೆ ಎಬ್ಬಿಸಿ ತಂದರಾಯಿತು.